ಖಂಡಸ್ಫುಟಿತ ಜೀರ್ಣೋದ್ಧಾರ: ಎಡೆದೊರೆನಾಡಿನ ಧರ್ಮಪಾಲಕರ ವಿಚಾರ

೧

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನರು ಎಡೆದೊರೆನಾಡೆಂದು ಕರೆದರು. ‘ಎಡೆದೊರೆ ಎರಡು ಸಾವಿರ’ವೆಂಬ ಹೆಸರು ಶಾಸನಗಳಲ್ಲಿ ಪ್ರಸಿದ್ಧವಾಗಿದೆ. ಇಂದಿನ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳು ಈ ಎರಡು ಹೊಳೆಗಳ ನಡುನಾಡಿನೊಳಗೆ ಸೇರಿವೆ. ಈ ನಾಡಿನ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಯುದ್ಧಗಳ ಚರಿತ್ರೆಯಾಗಿಯೇ ಬರೆದಿರುವರು. ಮುದಗಲ್ಲಿನ ಕೋಟೆಯನ್ನು ಯಾರು ಮುತ್ತಿದರು, ರಾಯಚೂರನ್ನು ಯಾರು ಗೆದ್ದರು ಎಂಬ ವಿಷಯಗಳು ಶಾಲೆಯ ಬಾಲಕರಿಗೂ ತಿಳಿದಿವೆ. ಆದರೆ ದೊರೆಗಳು ಕೋಟೆಗಾಗಿ ಕಾದಾಡುತ್ತಿದ್ದ ಕಾಲದಲ್ಲಿ ಊರ ಗುಡಿಯ ಸೋರುವ ಮಾಳಿಗೆಗೆ ಗಾರೆ ಹಾಕಿಸಿದವರಾರು, ಬಿರುಕುಬಿಟ್ಟ ಗೋಡೆಗೆ ಕಲ್ಲು ಜೋಡಿಸಿದವರಾರು ಎಂದು ಕೇಳಿದವರು ವಿರಳ.

ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಕಾಪಾಡಿದವನ ಹೆಸರು ಉಳಿಯುವುದಿಲ್ಲ. ಆದರೂ ಇಂದು ನಮ್ಮ ಕಣ್ಣೆದುರಿಗೆ ನಿಂತಿರುವ ಪ್ರತಿಯೊಂದು ಹಳೆಯ ಕಟ್ಟಡವೂ ಕಟ್ಟಿಸಿದವನ ಒಂದು ದಿನದ ಔದಾರ್ಯಕ್ಕಿಂತ ಹೆಚ್ಚಾಗಿ ಕಾಪಾಡಿದವರ ನೂರಾರು ವರ್ಷಗಳ ಶ್ರಮದ ಫಲವೆಂಬುದನ್ನು ಅಲ್ಲಗಳೆಯಲಾಗದು. ಈಗ ಪ್ರಾಚೀನ ಕಟ್ಟಡಗಳ ರಕ್ಷಣೆಗೂ ಪುನರುಜ್ಜೀವನಕ್ಕೂ ಧರ್ಮಸಂಸ್ಥೆಗಳು ಏರ್ಪಡುತ್ತಿವೆ. ಅವುಗಳನ್ನು ನಡೆಸುವವರನ್ನು ಧರ್ಮದರ್ಶಿಗಳೆಂದೂ ವಿಶ್ವಸ್ತರೆಂದೂ ಕರೆಯುತ್ತೇವೆ. ಈ ಪದವಿಯು ಇಂಗ್ಲಿಷರ ಕಾಯಿದೆಯಿಂದ ಹುಟ್ಟಿದ ಹೊಸ ವಸ್ತುವೆಂಬ ಭಾವನೆಯು ಬಹುಜನರಲ್ಲಿರುವುದು. ಅದು ಹಾಗಲ್ಲವೆಂಬುದನ್ನು ತೋರಿಸುವುದೂ, ನಮ್ಮ ಶಾಸನಗಳು ಅಂಥವರ ಮೇಲೆ ಹೊರಿಸಿದ ಕರ್ತವ್ಯವನ್ನು ಇಂದಿನ ಧರ್ಮದರ್ಶಿಗಳ ಮುಂದಿರಿಸುವುದೂ ಈ ಲೇಖನದ ಉದ್ದೇಶವು.

೨

ಕಲ್ಯಾಣದ ಚಾಲುಕ್ಯರು, ಕಳಚುರ್ಯರು, ಸೇವುಣರು ಆಳಿದ ಕಾಲದ ಕನ್ನಡ ದತ್ತಿಶಾಸನಗಳ ರಚನೆಯು ಬಹುಮಟ್ಟಿಗೆ ಒಂದೇ ರೀತಿಯದು. ಮೊದಲು ಆಳುವ ಅರಸನ ಪ್ರಶಸ್ತಿ, ಬಳಿಕ ದಾನಿಯ ವಂಶ, ತಿಥಿವಾರನಕ್ಷತ್ರ; ಅನಂತರ ಕೊಟ್ಟ ಭೂಮಿಯ ಎಲ್ಲೆ ಮತ್ತು ಮತ್ತರುಗಳ ಲೆಕ್ಕ, ಇಲ್ಲವೆ ಗಾಣದ ಎಣ್ಣೆ, ಸುಂಕದ ಪಾಲು; ಆಮೇಲೆ ದಾನದ ಉದ್ದೇಶಗಳು; ಅದನ್ನು ಕೈಯಲ್ಲಿ ಹಿಡಿದವನ ಹೆಸರು; ಕೊನೆಗೆ ಶಾಪಾಶಯದ ಮಾತುಗಳು. ಉದ್ದೇಶಗಳನ್ನು ಹೇಳುವ ಸ್ಥಳದಲ್ಲಿ ಅಂಗಭೋಗ, ರಂಗಭೋಗ, ನೈವೇದ್ಯ, ನಂದಾದೀವಿಗೆ, ತಪೋಧನರ ಆಹಾರದಾನ, ವಿದ್ಯಾದಾನ ಇವುಗಳ ಜೊತೆಯಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಶಾಸನಗಳನ್ನು ಓದುವವರು ಇದನ್ನು ರೂಢಿಯ ನುಡಿಯೆಂದು ಎಣಿಸಿ ಮುಂದೆ ಸಾಗುವುದುಂಟು. ಆದರೆ ಈ ಮಾತಿನ ಒಂದೊಂದು ಅಂಗವೂ ವಿಚಾರಾರ್ಹವಾದುದು.

ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಒಡೆದು ಬಿರುಕುಬಿಟ್ಟದ್ದು, ಜೀರ್ಣವೆಂದರೆ ಹಳತಾಗಿ ಸವೆದದ್ದು. ಕಟ್ಟಡಕ್ಕೆ ಬರುವ ಮೂರು ಬಗೆಯ ಕೇಡುಗಳನ್ನು ಇಲ್ಲಿ ಬೇರೆ ಬೇರೆಯಾಗಿ ಹೆಸರಿಸಲಾಗಿದೆ. ಉದ್ಧಾರವೆಂಬ ಪದವು ‘ಮೇಲಕ್ಕೆ ಎತ್ತು’ ಎಂಬರ್ಥದ ಧಾತುವಿನಿಂದ ಬಂದುದು. ಬಿದ್ದುದನ್ನು ಎತ್ತಿ ನಿಲ್ಲಿಸುವುದು ಉದ್ಧಾರವೇ ಹೊರತು, ನಿಂತುದನ್ನು ಕೆಡವಿ ಬೇರೊಂದನ್ನು ನಿಲ್ಲಿಸುವುದಲ್ಲ. ಹೊಸದಾಗಿ ಕಟ್ಟಿಸಿದುದನ್ನು ಹೇಳಬೇಕಾದಾಗ ನಮ್ಮ ಶಾಸನಕಾರರು ‘ಮಾಡಿಸಿದಂ’, ‘ಎತ್ತಿಸಿದಂ’, ‘ಪ್ರತಿಷ್ಠೆಯಂ ಮಾಡಿದಂ’ ಎಂದು ಬೇರೆ ಮಾತುಗಳನ್ನೇ ಬಳಸುವರು. ಎರಡು ಕಾರ್ಯಗಳಿಗೆ ಎರಡು ಬಗೆಯ ಮಾತುಗಳಿದ್ದವೆಂಬುದು ಗಮನಿಸತಕ್ಕ ಸಂಗತಿ. ಇಂದು ಜೀರ್ಣೋದ್ಧಾರವೆಂಬ ಒಂದೇ ಹೆಸರಿನಲ್ಲಿ ಎರಡೂ ನಡೆಯುತ್ತಿವೆ. ಅನರ್ಥಕ್ಕೆ ಮೂಲವು ಅಲ್ಲಿಯೇ ಇರುವುದು.

ಇನ್ನೊಂದು ವಿಷಯ. ದುರಸ್ತಿಯ ವೆಚ್ಚವನ್ನು ಕಟ್ಟಡವು ಬಿದ್ದ ಮೇಲೆ ಯಾಚಿಸಿ ತರಬೇಕಾದ ಹಣವೆಂದು ನಮ್ಮ ಹಿರಿಯರು ಭಾವಿಸಲಿಲ್ಲ. ಪೂಜೆಗೆ ಕೊಟ್ಟ ಭೂಮಿಯ ಹುಟ್ಟುವಳಿಯ ಮೇಲೆಯೇ ದುರಸ್ತಿಯ ಹೊಣೆಯನ್ನೂ ಹೊರಿಸಿದರು. ದೀಪಕ್ಕೆ ಎಣ್ಣೆಯು ಎಷ್ಟು ನಿತ್ಯವೋ ಗೋಡೆಗೆ ಗಾರೆಯೂ ಅಷ್ಟೇ ನಿತ್ಯವೆಂಬುದು ಅವರ ಭಾವ. ಇಂದಿನ ಮಾತಿನಲ್ಲಿ ಹೇಳುವುದಾದರೆ ಪ್ರತಿಯೊಂದು ದತ್ತಿಯೊಳಗೂ ಸಂರಕ್ಷಣೆಯ ಮೂಲಧನವು ಅಡಗಿದ್ದಿತು.

೩

ಈ ದತ್ತಿಯನ್ನು ಕೈಕೊಂಡವನಾರು? ದಾನಿಯು ಸ್ಥಾನಾಚಾರ್ಯನ ‘ಕಾಲಂ ಕರ್ಚಿ’, ಧಾರೆಯೆರೆದು, ಭೂಮಿಯನ್ನು ಒಪ್ಪಿಸುವನು. ಆದರೆ ಆ ಭೂಮಿಯು ಆಚಾರ್ಯನ ಸ್ವಂತದ್ದಾಗುತ್ತಿರಲಿಲ್ಲ, ದೇವರದಾಗಿ ನಿಲ್ಲುತ್ತಿತ್ತು. ಆಚಾರ್ಯನು ಅದರ ಪಾಲಕನು ಮಾತ್ರ. ಕಾಳಾಮುಖ ಸ್ಥಾನಗಳಿಗೆ ಸಂಬಂಧಿಸಿದ ಕೆಲವು ಶಾಸನಗಳಲ್ಲಿ, ನೈಷ್ಠಿಕ ಬ್ರಹ್ಮಚರ್ಯವಿಲ್ಲದವರು ಆ ಸ್ಥಾನದಲ್ಲಿ ಇರಲು ಅರ್ಹರಲ್ಲವೆಂದೂ, ಅಂಥವರನ್ನು ಅರಸನೂ ಊರವರೂ ಹೊರಹಾಕತಕ್ಕದ್ದೆಂದೂ ವಿಧಿಸಿದೆ. ಪಾಲಕನಿಗೆ ಅರ್ಹತೆಯಿದ್ದಿತು, ತಪ್ಪಿದರೆ ಪದಚ್ಯುತಿಯಿದ್ದಿತು, ಅದನ್ನು ನಡೆಯಿಸುವ ಅಧಿಕಾರವು ಸಮುದಾಯಕ್ಕಿದ್ದಿತು ಎಂಬ ಮೂರು ತತ್ತ್ವಗಳು ಇದರಿಂದ ಸ್ಪಷ್ಟವಾಗುವುವು. ಅಗ್ರಹಾರಗಳಲ್ಲಿ ಮಹಾಜನರು, ಪಟ್ಟಣಗಳಲ್ಲಿ ನಗರದ ಸೆಟ್ಟಿಗಳು, ಹಳ್ಳಿಗಳಲ್ಲಿ ಗವುಂಡರು ಈ ಸಾಕ್ಷಿತ್ವವನ್ನು ವಹಿಸಿಕೊಂಡುದು ಕಂಡುಬರುತ್ತದೆ.

ಈ ತತ್ತ್ವವು ಆಧುನಿಕ ನ್ಯಾಯಶಾಸ್ತ್ರಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ೧೯೨೧ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ವಿದ್ಯಾವಾರುತಿ ತೀರ್ಥರ ಮೊಕದ್ದಮೆಯಲ್ಲಿ ತೀರ್ಪು ಕೊಡುತ್ತ, ಮಠಾಧಿಪತಿಯು ಇಂಗ್ಲಿಷ್ ಕಾಯಿದೆಯ ಅರ್ಥದಲ್ಲಿ ಟ್ರಸ್ಟಿಯಲ್ಲವೆಂದೂ, ಆದರೆ ದುರಾಡಳಿತಕ್ಕೆ ಉತ್ತರವಾದಿಯೆಂದೂ ಹೇಳಿತು. ಹೆಸರು ಟ್ರಸ್ಟಿಯಲ್ಲದಿದ್ದರೂ ಹೊಣೆಯು ಟ್ರಸ್ಟಿಯದೇ ಎಂದಂತಾಯಿತು. ಹಿಂದಿನ ಶಾಸನಗಳ ಸ್ಥಾನಾಚಾರ್ಯನ ಸ್ಥಿತಿಯೂ ಇದೇ ಆಗಿದ್ದಿತು.

ಶಾಸನಗಳ ಕೊನೆಯ ಭಾಗವಾದ ಶಾಪಾಶಯವನ್ನು ಪಂಡಿತರು ಅನೇಕವೇಳೆ ಲಕ್ಷಿಸುವುದಿಲ್ಲ. ಧರ್ಮವನ್ನು ಕೆಡಿಸಿದವನಿಗೆ ಪುಣ್ಯಕ್ಷೇತ್ರದಲ್ಲಿ ಕವಿಲೆಗಳನ್ನು ಕೊಂದ ಪಾಪವೆಂಬುದು ಎಲ್ಲರಿಗೂ ಗೊತ್ತು. ಆದರೆ ಅದರ ಜೊತೆಯಲ್ಲಿಯೇ ಇರುವ ಇನ್ನೊಂದು ತತ್ತ್ವವು ಹೆಚ್ಚು ಮಹತ್ತ್ವದ್ದು: ದಾನ ಮತ್ತು ಪಾಲನ ಇವೆರಡರಲ್ಲಿ ಪಾಲನವೇ ಶ್ರೇಷ್ಠವು, ತಾನು ಕೊಡುವುದು ಸುಲಭ, ಪರರು ಕೊಟ್ಟುದನ್ನು ಕಾಯುವುದು ಕಷ್ಟ. ಈ ಮಾತು ಭಾರತದ ದಾನಶಾಸನಗಳಲ್ಲೆಲ್ಲ ಹರಡಿಕೊಂಡಿದೆ. ದಾನಿಯು ತಾನೇ ಬರೆಯಿಸಿದ ಕಲ್ಲಿನಲ್ಲಿ ತನಗಿಂತ ಮುಂದಿನವನು ದೊಡ್ಡವನೆಂದು ಕೆತ್ತಿಸುತ್ತಿದ್ದನೆಂಬುದು ಆ ಕಾಲದ ವಿವೇಕಕ್ಕೆ ಸಾಕ್ಷಿ.

೪

ಎಡೆದೊರೆನಾಡಿನ ದುರ್ದೈವವೆಂದರೆ ಇಲ್ಲಿ ಕಾವಲುಗಾರರು ಪದೇ ಪದೇ ಬದಲಾದುದು. ಮಸ್ಕಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಶಕ ೯೪೯ರ, ಎಂದರೆ ಕ್ರಿ. ಶ. ೧೦೨೭ರ, ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಕಾಲದ ಶಾಸನದಲ್ಲಿ ಈ ಊರು ‘ಪಿರಿಯ ಮೊಸಂಗಿ’ಯೆಂಬ ರಾಜಧಾನಿಯಾಗಿ ಕಾಣಿಸಿಕೊಳ್ಳುತ್ತದೆ. ರಾಜೇಂದ್ರಚೋಳನಿಗೂ ಜಯಸಿಂಹನಿಗೂ ಯುದ್ಧ ನಡೆದ ಮುಶಂಗಿಯು ಇದೇ ಎಂದು ಅನೇಕ ವಿದ್ವಾಂಸರು ಭಾವಿಸುವರು. ಅಂಥ ಪಟ್ಟಣವು ಕಾಲಕ್ರಮದಲ್ಲಿ ಒಂದು ಸಾಮಾನ್ಯ ಗ್ರಾಮವಾಗಿ ಹೋಯಿತು. ಬಹುಕಾಲ ಲಿಂಗಸುಗೂರು ತಾಲೂಕಿಗೆ ಸೇರಿದ್ದು, ಈಚೆಗೆ ತಾನೇ ತಾಲೂಕಿನ ಕೇಂದ್ರವಾಯಿತು.

ಚಾಲುಕ್ಯರ ತರುವಾಯ ಸೇವುಣರು, ಅನಂತರ ಬಹಮನಿ ಮತ್ತು ವಿಜಯನಗರದ ಅರಸರು, ಬಳಿಕ ವಿಜಾಪುರದ ಆದಿಲಶಾಹಿಗಳು, ೧೬೮೬ರಲ್ಲಿ ವಿಜಾಪುರವು ಬಿದ್ದ ಮೇಲೆ ಮೊಗಲರು, ಹದಿನೆಂಟನೆಯ ಶತಮಾನದಲ್ಲಿ ನಿಜಾಮರು ಈ ನಾಡಿನ ಒಡೆಯರಾದರು. ೧೮೫೩ರ ಒಪ್ಪಂದದಿಂದ ರಾಯಚೂರು ದೋಆಬವು ಇಂಗ್ಲಿಷರ ಆಡಳಿತಕ್ಕೆ ಹೋಗಿ ೧೮೬೦ರಲ್ಲಿ ನಿಜಾಮರಿಗೆ ಮರಳಿತು. ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಪಟ್ಟಣವಾಗಿದ್ದಿತು; ೧೯೦೫ರಲ್ಲಿ ಆ ಜಿಲ್ಲೆಯನ್ನೇ ಒಡೆದರು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ ೧ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಇಷ್ಟು ಸಲ ಒಡೆತನವು ಬದಲಾದಾಗ ಇನಾಮಿನ ದಫ್ತರಗಳ ಭಾಷೆಯೂ, ಕಚೇರಿಯ ಸ್ಥಳವೂ ಬದಲಾದುವು. ಕಲ್ಲಿನಲ್ಲಿ ಕನ್ನಡದಲ್ಲಿದ್ದ ದತ್ತಿಯು ಪಾರಸಿಯಲ್ಲಿ ಒಂದು ಸನದಾಯಿತು, ಉರ್ದುವಿನಲ್ಲಿ ಒಂದು ಕಡತವಾಯಿತು, ಕೊನೆಗೆ ಪಹಣಿಯಲ್ಲಿ ಒಂದು ಸಾಲಾಯಿತು. ಅಂಥ ಪ್ರಯಾಣದಲ್ಲಿ ಭೂಮಿಯ ಮಾತು ಮುಂದೆ ಸಾಗಿದರೂ ‘ಖಂಡಸ್ಫುಟಿತ’ದ ಮಾತು ಹಿಂದೆ ಉಳಿಯುವುದು ಸಹಜವೇ ಸರಿ.

ಒಡೆಯರು ಬದಲಾದರೂ ಕಾವಲು ಸಂಪೂರ್ಣವಾಗಿ ಅಳಿಯದೆ ಉಳಿದುದಕ್ಕೆ ಊರಿನ ಜನರು ಕಾರಣ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ದೇವಾಲಯಗಳ ಪೂಜಾರಿಗಳೂ, ಹುಸೇನಿ ಆಲಂ ಸನ್ನಿಧಿಯನ್ನು ನೋಡಿಕೊಳ್ಳುವವರೂ, ಗೋವೆಯ ಪಾದ್ರಿಗಳ ಕಾಲದಿಂದ ನೆಲೆಸಿದ ರೋಮನ್ ಕೆಥೊಲಿಕ್ ಕ್ರೈಸ್ತರೂ ಒಂದೇ ಕೋಟೆಯ ನೆರಳಿನಲ್ಲಿ ತಮ್ಮ ತಮ್ಮ ಧರ್ಮಕಟ್ಟಡಗಳನ್ನು ಕಾದುಕೊಂಡು ಬಂದಿರುವರು. ಅಲ್ಲಿಯ ಮೊಹರಮ್ಮಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ನೆರೆಯುವುದು ಪ್ರಸಿದ್ಧವಾಗಿದೆ. ವಕ್ಫಿನ ಮುತವಲ್ಲಿಯು ಆಸ್ತಿಯ ಒಡೆಯನಲ್ಲ, ಪಾಲಕನು; ಸ್ಥಾನಾಚಾರ್ಯನೂ ಹಾಗೆಯೇ. ಮತಗಳು ಬೇರೆಯಾದರೂ ಪಾಲಕತ್ವದ ಕಲ್ಪನೆಯು ಒಂದೇ ಆಗಿರುವುದನ್ನು ಈ ಊರಿನಲ್ಲಿ ಕಣ್ಣಾರೆ ಕಾಣಬಹುದು.

ಸಿಂಧನೂರು ತಾಲೂಕಿನ ಅಂಬಾಮಠವು ಇನ್ನೊಂದು ಬಗೆಯ ಕಾವಲಿಗೆ ನಿದರ್ಶನ. ದೇವೀಪುರಾಣವನ್ನು ರಚಿಸಿದ ಚಿದಾನಂದಾವಧೂತರ ಹೆಸರು ಆ ಸಿದ್ಧಪರ್ವತದೊಡನೆ ಕೂಡಿಕೊಂಡಿದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ನವರಾತ್ರಿಯಲ್ಲಿ ಆ ಗ್ರಂಥದ ಪಾರಾಯಣವು ನಡೆಯುವವರೆಗೆ ಆ ಸ್ಥಳವನ್ನು ಯಾರೂ ಮರೆಯಲಾರರು. ಕೆಲವು ಕಟ್ಟಡಗಳನ್ನು ಭೂಮಿಯು ಕಾಯುತ್ತದೆ, ಕೆಲವನ್ನು ಕಾವ್ಯವು ಕಾಯುತ್ತದೆ. ಸಾಹಿತ್ಯದ ಅಧ್ಯಾಪಕರು ಈ ಸಂಗತಿಯನ್ನು ತಮ್ಮ ವಿದ್ಯಾರ್ಥಿಗಳಿಗೆ ತಿಳಿಸಿದರೆ ಉಪಕಾರವಾದೀತು.

೫

ಇನ್ನು ಯಾವ ಪಾಲಕನೂ ಇಲ್ಲದೆ ಉಳಿದ ಒಂದು ಸ್ಮಾರಕದ ವಿಷಯ. ೧೯೧೫ನೆಯ ಜನವರಿ ೨೭ರಂದು ಚಿನ್ನದ ಗಣಿಗಳ ಎಂಜಿನಿಯರನಾಗಿದ್ದ ಬೀಡನ್ನನು ಮಸ್ಕಿಯ ಬೆಟ್ಟದ ಗವಿಯೊಂದರಲ್ಲಿ ಬಂಡೆಯ ಮೇಲಿನ ಬ್ರಾಹ್ಮೀ ಬರೆಹವನ್ನು ಕಂಡನು. ಅದು ಅಶೋಕನ ಕಿರಿಯ ಶಿಲಾಶಾಸನ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯ ಪ್ರಿಯದರ್ಶಿಯೆಂದು ಕರೆದುಕೊಂಡಿದ್ದನೇ ಹೊರತು ಅಶೋಕನೆಂಬ ಹೆಸರು ಬಂದಿರಲಿಲ್ಲ. ಪ್ರಿಯದರ್ಶಿಯೇ ಅಶೋಕನೆಂಬ ನಿರ್ಣಯವು ಸಿಂಹಳದ ಗ್ರಂಥಗಳ ಆಧಾರದ ಮೇಲೆ ನಿಂತಿದ್ದಿತು. ಮಸ್ಕಿಯ ಬಂಡೆಯು ಆ ಹೆಸರನ್ನು ಸ್ಪಷ್ಟವಾಗಿ ನುಡಿಯಿತು. ೧೯೧೪ರಲ್ಲಿ ಸ್ಥಾಪಿತವಾಗಿ ಗುಲಾಮ್ ಯಜದಾನಿಯವರ ನೇತೃತ್ವದಲ್ಲಿದ್ದ ಹೈದರಾಬಾದಿನ ಪ್ರಾಕ್ತನ ಇಲಾಖೆಯು ತನ್ನ ಗ್ರಂಥಮಾಲೆಯ ಮೊದಲನೆಯ ಸಂಖ್ಯೆಯಾಗಿ ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಈ ಶಾಸನವನ್ನೇ ೧೯೧೫ರಲ್ಲಿ ಪ್ರಕಟಿಸಿತು. ಮುಂದೆ ೧೯೫೪ರಲ್ಲಿ ಬಿ. ಕೆ. ಥಾಪರರು ಮಸ್ಕಿಯಲ್ಲಿ ಅಗೆತ ನಡೆಯಿಸಿ ನೂತನ ಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಸಂಸ್ಕೃತಿಗಳ ಥರಗಳನ್ನು ತೋರಿಸಿಕೊಟ್ಟರು. ೧೯೫೨ರಲ್ಲಿ ಆಲ್ಚಿನ್ ಅವರು ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದಲ್ಲಿ ಅಗೆತ ಮಾಡಿದ್ದರು.

ಈ ಬಂಡೆಯು ಎರಡು ಸಾವಿರ ವರ್ಷಗಳಿಗೆ ಮಿಗಿಲಾಗಿ ಯಾರ ಕಾವಲೂ ಇಲ್ಲದೆ ಉಳಿಯಿತಲ್ಲವೆ, ಹಾಗಿದ್ದರೆ ಧರ್ಮದರ್ಶಿಗಳ ಅಗತ್ಯವೇನು ಎಂದು ಯಾರಾದರೂ ಕೇಳಬಹುದು. ಉತ್ತರವು ಸನ್ನತಿಯಲ್ಲಿದೆ. ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬೆಯ ಆಲಯದ ಆವರಣದ ಕಾಳಿಕಾ ಗುಡಿಯೊಳಗೆ, ೧೯೮೦ರ ದಶಕದಲ್ಲಿ ಅಶೋಕನ ಶಾಸನಗಳುಳ್ಳ ಒಂದು ಚಪ್ಪಡಿಯು ಬೆಳಕಿಗೆ ಬಂದಿತು. ಅದನ್ನು ಯಾವುದೋ ಕಾಲದಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿ ಉಪಯೋಗಿಸಿದ್ದರು. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ನಡುವೆ ಕುಳಿಯನ್ನು ಕೊರೆದುದರಿಂದ ಬರೆಹದ ಒಂದು ಭಾಗವು ನಷ್ಟವಾಗಿದೆ. ಕೊರೆದವರು ದುಷ್ಟರಲ್ಲ, ಭಕ್ತರು. ಅವರಿಗೆ ಆ ಲಿಪಿಯು ತಿಳಿಯದು, ಅಷ್ಟೆ. ಮಸ್ಕಿಯ ಬಂಡೆಯು ಉಳಿದುದು ಅದು ಯಾರಿಗೂ ಬೇಡವಾಗಿದ್ದುದರಿಂದ. ಸನ್ನತಿಯ ಚಪ್ಪಡಿಯು ಕೆಟ್ಟುದು ಅದು ಕಟ್ಟಡಕ್ಕೆ ಬೇಕಾದುದರಿಂದ. ಬಂಡೆಗೆ ಒಬ್ಬ ಪಾಲಕನಿಲ್ಲದೆ ನಡೆದೀತು. ಉಪಯೋಗದಲ್ಲಿರುವ ಕಟ್ಟಡಕ್ಕೆ ನಡೆಯದು.

೬

ಆಧುನಿಕ ಕಾಯಿದೆಗಳು ಈ ಪಾಲಕತ್ವವನ್ನು ಹೇಗೆ ಹಂಚಿದುವೆಂಬುದನ್ನು ನೋಡೋಣ. ಬ್ರಿಟಿಷ್ ಇಂಡಿಯದ ೧೯೦೪ರ ಪ್ರಾಚೀನ ಸ್ಮಾರಕ ಸಂರಕ್ಷಣ ಕಾಯಿದೆಯಲ್ಲಿ ಒಂದು ಗಮನಾರ್ಹವಾದ ವಿಧಿಯಿದೆ. ಸ್ಮಾರಕದ ಒಡೆಯನು ಅದರ ಸಂರಕ್ಷಣೆಗೆ ಒಪ್ಪಂದ ಮಾಡಿಕೊಳ್ಳಲು ನಿರಾಕರಿಸಿದರೆ, ಮತ್ತು ಅದನ್ನು ದುರಸ್ತಿಯಲ್ಲಿಡುವುದಕ್ಕಾಗಿ, ಅಥವಾ ಇತರ ಉದ್ದೇಶಗಳ ಜೊತೆಗೆ ಅದಕ್ಕಾಗಿಯೂ, ಯಾವುದಾದರೂ ದತ್ತಿಯು ಏರ್ಪಟ್ಟಿದ್ದರೆ, ಆ ದತ್ತಿಯನ್ನು ಸರಿಯಾಗಿ ವಿನಿಯೋಗಿಸಬೇಕೆಂದು ಕಲೆಕ್ಟರನು ಜಿಲ್ಲಾ ನ್ಯಾಯಾಧೀಶನ ಮೊರೆಹೊಗಬಹುದು. ಸ್ವತಂತ್ರ ಭಾರತದ ೧೯೫೮ರ ಕಾಯಿದೆಯೂ ಈ ತತ್ತ್ವವನ್ನು ಉಳಿಸಿಕೊಂಡಿತು. ‘ಇತರ ಉದ್ದೇಶಗಳ ಜೊತೆಗೆ’ ಎಂಬ ಮಾತನ್ನು ಗಮನಿಸಿರಿ. ನಮ್ಮ ಶಾಸನಗಳಲ್ಲಿ ಅಂಗಭೋಗ ರಂಗಭೋಗಗಳ ಜೊತೆಯಲ್ಲಿ ಬರುವ ಖಂಡಸ್ಫುಟಿತ ಜೀರ್ಣೋದ್ಧಾರವು ಇದೇ ಅಲ್ಲವೆ? ಹನ್ನೊಂದನೆಯ ಶತಮಾನದ ದಾನಿಯ ಇಚ್ಛೆಯನ್ನು ಇಪ್ಪತ್ತನೆಯ ಶತಮಾನದ ಕಾಯಿದೆಯು ತಿಳಿಯದೆಯೇ ಅಂಗೀಕರಿಸಿದಂತಾಯಿತು.

ಆದರೆ ಆಚರಣೆಯಲ್ಲಿ ಹೊಣೆಯು ಒಡೆದುಹೋಯಿತು. ಪೂಜೆ ಮತ್ತು ಆಸ್ತಿಯ ವಿಚಾರವು ಹೈದರಾಬಾದು ಪ್ರಾಂತದಲ್ಲಿ ೧೩೪೯ ಫಸಲಿಯ, ಎಂದರೆ ಸುಮಾರು ೧೯೪೦ರ, ದತ್ತಿಗಳ ನಿಯಮಾವಳಿಗೂ, ಮುಂದೆ ಅದನ್ನು ರದ್ದುಗೊಳಿಸಿದ ಕರ್ನಾಟಕದ ೧೯೯೭ರ ಧಾರ್ಮಿಕ ದತ್ತಿಗಳ ಕಾಯಿದೆಗೂ ಒಳಪಟ್ಟಿತು. ಕಲ್ಲುಗಳ ವಿಚಾರವು ಕೇಂದ್ರದ ೧೯೫೮ರ ಮತ್ತು ರಾಜ್ಯದ ೧೯೬೧ರ ಸ್ಮಾರಕ ಕಾಯಿದೆಗಳಿಗೆ ಹೋಯಿತು. ವಕ್ಫ್ ಆಸ್ತಿಗಳಿಗೆ ಬೇರೆ ಕಾಯಿದೆ. ಶಾಸನಗಳನ್ನು ಓದುವ ಕೆಲಸವು ವಿದ್ವಾಂಸರ ಪಾಲಿಗೆ ಬಂದಿತು, ೧೯೫೮ರಲ್ಲಿ ಪಿ. ಬಿ. ದೇಸಾಯಿಯವರು ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಸಂಪುಟವನ್ನು ಪ್ರಕಟಿಸಿ ಮಹದುಪಕಾರ ಮಾಡಿದರು. ಹಿಂದೆ ಒಬ್ಬ ಸ್ಥಾನಾಚಾರ್ಯನಲ್ಲಿ ಕೂಡಿದ್ದ ಪೂಜೆ, ವಿದ್ಯೆ, ಆಸ್ತಿ, ದುರಸ್ತಿಗಳೆಂಬ ನಾಲ್ಕು ಹೊಣೆಗಳು ನಾಲ್ಕು ಕಡೆಗೆ ಹಂಚಿಹೋದುವು. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಸೇರದ ಹಳ್ಳಿಯ ಗುಡಿಯನ್ನು ಸಮಗ್ರವಾಗಿ ನೋಡುವವರು ಯಾರೂ ಉಳಿಯಲಿಲ್ಲ.

೧೯೯೭ರ ಕಾಯಿದೆಯು ದೇವಾಲಯಗಳಿಗೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯನ್ನು ವಿಧಿಸಿತು. ಅದರಲ್ಲಿ ಪ್ರಧಾನ ಅರ್ಚಕನೂ, ಪರಿಶಿಷ್ಟ ಜಾತಿ ಪಂಗಡಗಳ ಪ್ರತಿನಿಧಿಯೂ, ಇಬ್ಬರು ಮಹಿಳೆಯರೂ, ಸ್ಥಳೀಕನೂ ಇರಬೇಕೆಂದಿತು. ಇದು ಉಚಿತವೇ. ಆದರೆ ಕಲ್ಲನ್ನು ಬಲ್ಲವನೊಬ್ಬನಿರಬೇಕೆಂದು ಅದರಲ್ಲಿ ಹೇಳಿರಲಿಲ್ಲ. ೨೦೨೪ರಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿಯಲ್ಲಿ ವಿಶ್ವಕರ್ಮ ಶಿಲ್ಪದಲ್ಲಿ ನಿಪುಣನಾದವನನ್ನು ಸೇರಿಸುವ ಮಾತು ಕಾಣಿಸಿಕೊಂಡಿತು. ಕಲ್ಲನ್ನು ಕಡೆಯಬಲ್ಲವನ ಜೊತೆಗೆ ಕಲ್ಲಿನ ಮೇಲಿನ ಹಳಗನ್ನಡವನ್ನು ಓದಬಲ್ಲವನೂ ಬೇಕೆಂಬುದು ನಮ್ಮ ಅಭಿಪ್ರಾಯ.

೭

ಪಾಶ್ಚಾತ್ಯ ದೇಶಗಳಲ್ಲಿಯೂ ಈ ಪ್ರಶ್ನೆಯು ಎದ್ದುದುಂಟು. ಇಂಗ್ಲೆಂಡಿನಲ್ಲಿ ಹಳೆಯ ಚರ್ಚುಗಳನ್ನು ಉತ್ಸಾಹದಿಂದ ‘ನವೀಕರಿಸುತ್ತ’ ಹಳೆಯದನ್ನೆಲ್ಲ ಕೆಡವುತ್ತಿದ್ದ ಕಾಲದಲ್ಲಿ ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್ಸನು ೧೮೭೭ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಹಳೆಯದನ್ನು ಹೊಸದಾಗಿಸಬೇಡಿರಿ, ದಿನದಿನವೂ ನೋಡಿಕೊಂಡು ಕೇಡನ್ನು ತಡೆಯಿರಿ ಎಂಬುದು ಆ ಸಂಘದ ತಿರುಳು. ೧೮೯೫ರಲ್ಲಿ ಸ್ಥಾಪಿತವಾದ ಅಲ್ಲಿಯ ನ್ಯಾಷನಲ್ ಟ್ರಸ್ಟು ಭೂಮಿಯನ್ನೂ ಕಟ್ಟಡಗಳನ್ನೂ ರಾಷ್ಟ್ರದ ಹೆಸರಿನಲ್ಲಿ ಶಾಶ್ವತವಾಗಿ ಹಿಡಿದು ಕಾಯುವ ಕಾರ್ಯಕ್ಕೆ ತೊಡಗಿತು. ನಮ್ಮ ದೇಶದಲ್ಲಿ ೧೯೮೪ರಲ್ಲಿ ಇಂಟಾಕ್ ಸಂಸ್ಥೆಯು ಹುಟ್ಟಿತು.

ಕರ್ನಾಟಕದಲ್ಲಿ ಈ ಬಗೆಯ ಕಾರ್ಯಕ್ಕೆ ಹತ್ತಿರದ ನಿದರ್ಶನವೆಂದರೆ ೧೯೯೧ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸ್ಥಾಪಿಸಿದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು. ರಾಜ್ಯದ ಪುರಾತತ್ತ್ವ ಇಲಾಖೆಯೊಡನೆ ಕೂಡಿ ಈ ಸಂಸ್ಥೆಯು ೨೦೦ಕ್ಕೂ ಹೆಚ್ಚು ಶಿಥಿಲ ದೇವಾಲಯಗಳನ್ನು ಉದ್ಧರಿಸಿದೆ. ವೆಚ್ಚವನ್ನು ಹಂಚಿಕೊಂಡ ಬಗೆಯು ವಿಶೇಷವಾಗಿ ಲಕ್ಷಿಸತಕ್ಕದ್ದು: ನೂರರಲ್ಲಿ ೪೦ ಪಾಲು ಸರಕಾರದ್ದು, ೪೦ ಪಾಲು ಟ್ರಸ್ಟಿನದು, ೨೦ ಪಾಲು ಊರವರದು. ಹಿಂದಿನ ಶಾಸನದಲ್ಲಿ ಅರಸನು, ಸ್ಥಾನಾಚಾರ್ಯನು, ಊರ ಗವುಂಡರು ಎಂಬ ಮೂವರು ಇದ್ದಂತೆ ಇಲ್ಲಿಯೂ ಮೂವರಿರುವರು. ಊರವರ ಪಾಲು ಕಿರಿದಾದರೂ ಮಹತ್ತ್ವದಲ್ಲಿ ಕಿರಿದಲ್ಲ. ತನ್ನ ಹಣವು ಸೇರಿದ ಗೋಡೆಯ ಮೇಲೆ ಅರಳಿಯ ಸಸಿಯು ಮೊಳೆತರೆ ಊರವನು ಅದನ್ನು ಕಿತ್ತೆಸೆಯುವನು. ಪರರು ಕಟ್ಟಿಸಿಕೊಟ್ಟ ಗೋಡೆಯಾದರೆ ಅರ್ಜಿ ಬರೆಯುವನು.

೮

ಎಡೆದೊರೆನಾಡಿಗೆ ಈ ವಿಚಾರವು ಈಗ ಏಕೆ ಮುಖ್ಯವೆಂಬುದನ್ನು ಹೇಳಿ ಮುಗಿಸುವೆವು. ಈ ನಾಡು ಬಹುಕಾಲ ಬರಗಾಲದ ನಾಡಾಗಿದ್ದಿತು. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ತರುವಾಯ ಎಡದಂಡೆಯ ಕಾಲುವೆಯು ಸಿಂಧನೂರಿನ ಎರೆಹೊಲಗಳಿಗೆ ನೀರು ತಂದಿತು. ಜೋಳದ ಭೂಮಿಯು ಬತ್ತದ ಗದ್ದೆಯಾಯಿತು. ಸಿರಿಯು ಬಂದುದು ಸಂತೋಷವೇ. ಆದರೆ ಬಡತನದಲ್ಲಿ ಗುಡಿಯು ಸೋರುತ್ತದೆ, ಸಿರಿಯಲ್ಲಿ ಗುಡಿಯು ಉರುಳುತ್ತದೆ. ಕೈಯಲ್ಲಿ ಹಣವಿಲ್ಲದ ಊರು ಹಳೆಯ ಕಂಬಗಳನ್ನೇ ಆತುಕೊಂಡಿರುವುದು. ಹಣ ಬಂದ ಊರಿಗೆ ಹಳೆಯದರ ವಿಷಯದಲ್ಲಿ ನಾಚಿಕೆಯು ಹುಟ್ಟುವುದು. ಆಗ ಜೀರ್ಣೋದ್ಧಾರ ಸಮಿತಿಯು ಏರ್ಪಟ್ಟು, ಕಲ್ಲಿನ ಮೇಲೆ ಎಣ್ಣೆಬಣ್ಣವು ಬಳಿಯಲ್ಪಟ್ಟು, ಗಾರೆಯ ಸ್ಥಳದಲ್ಲಿ ಸಿಮೆಂಟು ಬಂದು, ಶಾಸನದ ಕಲ್ಲು ಮೆಟ್ಟಿಲಾಗಿ ಹೋಗುವ ಭಯವಿರುತ್ತದೆ. ಜೀರ್ಣೋದ್ಧಾರ ಮಾಡಿರೆಂದು ಎಂಟುನೂರು ವರ್ಷಗಳ ಹಿಂದೆ ಆಜ್ಞಾಪಿಸಿದ ಕಲ್ಲೇ ಜೀರ್ಣೋದ್ಧಾರದಲ್ಲಿ ಹಾಳಾಗುವುದಾದರೆ ಅದಕ್ಕಿಂತ ಹೆಚ್ಚಿನ ವಿಪರ್ಯಾಸವುಂಟೆ? ಆ ಕಲ್ಲು ಬರಿಯ ಪ್ರಾಚೀನ ವಸ್ತುವಲ್ಲ. ಅದು ದೇವಾಲಯದ ಹಕ್ಕುಪತ್ರವು, ಧರ್ಮದರ್ಶಿಗಳ ನೇಮಕಪತ್ರವು.

ಆದುದರಿಂದ ಈ ಪ್ರಾಂತದಲ್ಲಿ ಹಳೆಯ ಕಟ್ಟಡಗಳಿಗಾಗಿ ಏರ್ಪಡುವ ಧರ್ಮಸಂಸ್ಥೆಗಳ ಪಾಲಕರು ಶಾಸನಗಳಿಂದಲೇ ತಮ್ಮ ನಿಯಮಗಳನ್ನು ಪಡೆಯುವುದು ಯುಕ್ತವಾಗಿ ತೋರುತ್ತದೆ. ಮೊದಲನೆಯದಾಗಿ, ಒಂದು ಕಲ್ಲನ್ನು ಕದಲಿಸುವ ಮೊದಲು ಅದರ ಮೇಲಿನ ಬರೆಹದ ಪಡಿಯಚ್ಚನ್ನು ತೆಗೆಯಿಸಿ, ಕಂಬ ತೊಲೆಗಳ ಸ್ಥಾನವನ್ನು ಚಿತ್ರದಲ್ಲಿ ಗುರುತಿಸಿ, ಬಲ್ಲವರಿಗೆ ತೋರಿಸಬೇಕು. ಎರಡನೆಯದಾಗಿ, ಖಂಡ, ಸ್ಫುಟಿತ, ಜೀರ್ಣ ಈ ಮೂರರಲ್ಲಿ ಕಟ್ಟಡಕ್ಕೆ ಬಂದಿರುವ ಕೇಡು ಯಾವುದೆಂದು ವಿವೇಚಿಸಿ ಅಷ್ಟಕ್ಕೆ ಮಾತ್ರ ಕೈಹಾಕಬೇಕು. ಮೂರನೆಯದಾಗಿ, ಕೂಡಿಸಿದ ಹಣವನ್ನೆಲ್ಲ ಒಂದೇ ಉತ್ಸವದಲ್ಲಿ ವ್ಯಯಿಸದೆ ವರ್ಷವರ್ಷದ ಗಾರೆಗಾಗಿ ಒಂದು ಭಾಗವನ್ನು ಮೂಲಧನವಾಗಿ ಇಡಬೇಕು. ನಾಲ್ಕನೆಯದಾಗಿ, ಊರವರ ಪಾಲಿಲ್ಲದ ಕಾರ್ಯಕ್ಕೆ ತೊಡಗಬಾರದು. ಲೆಕ್ಕವನ್ನು ಊರ ಮುಂದೆ ಓದಬೇಕು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಸಾರ್ವಜನಿಕ ಧರ್ಮದಲ್ಲಿ ಆಸಕ್ತಿಯುಳ್ಳ ಇಬ್ಬರು ಅನುಮತಿ ಪಡೆದು ಪಾಲಕರನ್ನು ನ್ಯಾಯಾಲಯಕ್ಕೆ ಎಳೆಯಬಹುದಾಗಿದೆ. ಆದರೆ ಅಲ್ಲಿಯವರೆಗೆ ಹೋಗದಂತೆ ನಡೆದುಕೊಳ್ಳುವುದೇ ಪಾಲಕರಿಗೆ ಭೂಷಣ.

ಈ ಕಾರ್ಯದಲ್ಲಿ ಸಾಹಿತ್ಯದ ಅಧ್ಯಾಪಕರ ಪಾಲೂ ಇದೆ. ಲಿಂಗಸುಗೂರಿನಲ್ಲಿಯೋ ಸಿಂಧನೂರಿನಲ್ಲಿಯೋ ಹಳಗನ್ನಡವನ್ನು ಪಾಠಹೇಳುವ ಒಬ್ಬರು ತಮ್ಮ ನೆರೆಯ ಊರಿನ ಸಮಿತಿಯಲ್ಲಿ ಕುಳಿತು, ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲು ಕಲ್ಲನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿದರೆ ಸಾಕು. ಊರವರು ಅದನ್ನು ಅಳಿಸಲಾರರು. ತಮ್ಮ ಊರಿನ ಹೆಸರೂ, ತಮ್ಮ ಹೊಲದ ಎಲ್ಲೆಯೂ, ಮುಂದೆ ಬರುವ ತಮ್ಮನ್ನು ಉದ್ದೇಶಿಸಿ ಹಿರಿಯರು ಆಡಿದ ಮಾತೂ ಅದರಲ್ಲಿರುವುದನ್ನು ಕೇಳಿದ ಮೇಲೆ ಯಾರಿಗೆ ಕೈ ಬಂದೀತು? ದಾನಕ್ಕಿಂತ ಪಾಲನವು ಮೇಲೆಂಬ ಮಾತನ್ನು ನಮ್ಮ ಪೂರ್ವಿಕರು ದಾನಿಗಳಿಗಾಗಿ ಕೆತ್ತಿಸಲಿಲ್ಲ. ತಾವು ಕಾಣಲಾರದ ಪಾಲಕರಿಗಾಗಿ ಕೆತ್ತಿಸಿದರು.